ಏಕಾಂತಕ್ಕೆ ಸರದಿ ಸಾಲು

ಏಕಾಂತ ಬೇಕೆಂದು ಅಂದು ಆ ಬೆಟ್ಟದ ತುದಿಗೆ ಬಂದವರು ನಲವತ್ತು ಮಂದಿಗೆ ಕಡಿಮೆಯಿರಲಿಲ್ಲ. ಎಲ್ಲರೂ ಬಹಳ ಶಿಸ್ತಿನಿಂದ ಸಾಲಿನಲ್ಲಿ ನಿಂತಿದ್ದರು. ಸಾಲಿನ ಆ ಕೊನೆಯಲ್ಲಿ ಪ್ರಪಾತದತ್ತ ಚಾಚಿಕೊಂಡ ಒಂದು ಬಂಡೆ. ಒಬ್ಬೊಬ್ಬರಾಗಿ ಅದರ ಮೇಲೆ ಹೋಗಿ, ಸುತ್ತಮುತ್ತ ನರಪಿಳ್ಳೆಯೂ ಇಲ್ಲವೆಂಬಂತೆ ದಿಗಂತವನ್ನು ದಿಟ್ಟಿಸುತ್ತ ಕುಳಿತು, ಫೋಟೊ ತೆಗೆಸಿಕೊಂಡು, ಹಿಂದಿನವರಿಗೆ ಜಾಗ ಬಿಟ್ಟುಕೊಡಬೇಕು. ತಲೆಗೆ ಎರಡು ನಿಮಿಷದ ಏಕಾಂತ ಎಂಬುದು ಅಲ್ಲಿ ಯಾರೂ ಬರೆದಿಡದ, ಆದರೆ ಯಾರೂ ಮೀರದ ಕಾನೂನು. ಧ್ಯಾನವನ್ನು ಮೂರನೆಯ ನಿಮಿಷಕ್ಕೆ ಎಳೆದವರಿಗೆ ಹಿಂದಿನಿಂದ, “ಬೇಗ ಮುಗಿಸಿ ಸ್ವಾಮಿ, ನಾವೂ ಒಂಟಿಯಾಗಬೇಕು” ಎಂಬ ಕೂಗು ಕೇಳಿಬರುತ್ತಿತ್ತು.

ನನ್ನ ಮುಂದೆ ನಿಂತಿದ್ದ ಯುವಕ ಜೀವನಶೈಲಿ, ಪ್ರವಾಸ, ಮನರಂಜನೆ ಈ ಮೂರರ ಬಗ್ಗೆಯೂ ಬರೆದು ಹೊಟ್ಟೆ ಹೊರೆಯುವ ಸ್ವತಂತ್ರ ಬರಹಗಾರ. ಅವನ ಚೀಲದಲ್ಲಿ ನೀರಿನ ಬಾಟಲಿ ಒಂದು, ಅಂಗಿಗಳು ನಾಲ್ಕು. ತನ್ನ ಸರದಿ ಬಂದಾಗ ಕೆಂಪು ಅಂಗಿಯಲ್ಲಿ ಮೂರು ಫೋಟೊ ತೆಗೆಸಿಕೊಂಡ, ಬಂಡೆಯ ಮರೆಗೆ ಹೋಗಿ ಬಿಳಿ ಅಂಗಿ ತೊಟ್ಟು ಬಂದು ಇನ್ನು ಮೂರು ತೆಗೆಸಿಕೊಂಡ, ಕೊನೆಗೆ ನೆತ್ತಿ ಸುಡುವ ಬಿಸಿಲಿನಲ್ಲಿ ರೇನ್‌ಕೋಟ್ ಹಾಕಿಕೊಂಡು ನಿಂತ. ನಾನು ಅಚ್ಚರಿಯಿಂದ ನೋಡಿದ್ದನ್ನು ಗಮನಿಸಿ, “ಮಳೆಗಾಲದಲ್ಲಿ ಇಲ್ಲಿಗೆ ಬರುವುದು ಅಪಾಯ ಸಾರ್, ಅದಕ್ಕೇ ಮಳೆಗಾಲವನ್ನೂ ಇವತ್ತೇ ಮುಗಿಸಿಬಿಡುತ್ತಿದ್ದೇನೆ” ಎಂದು ವಿವರಿಸಿದ. ಕಣಿವೆ ಹೇಗಿದೆ ಎಂದು ಕೇಳಿದೆ. “ಮನೆಗೆ ಹೋಗಿ ನೋಡಬೇಕು ಸಾರ್, ಬಿಸಿಲಿಗೆ ಇಲ್ಲಿ ಸ್ಕ್ರೀನ್ ಸರಿಯಾಗಿ ಕಾಣುವುದಿಲ್ಲ” ಎಂದ.

ಇದನ್ನು ಒಂದು ಬೆಟ್ಟದ ವಿಶೇಷವೆಂದು ಯಾರೂ ಭಾವಿಸಬೇಕಾಗಿಲ್ಲ. ಈ ವಿದ್ಯೆಯ ಮೂಲಪೀಠಗಳಲ್ಲಿ ಒಂದು ನಾರ್ವೆಯಲ್ಲಿದೆ. ಅಲ್ಲಿನ ಟ್ರೋಲ್‌ತುಂಗಾ ಎಂಬ ಬಂಡೆ ಸರೋವರವೊಂದರಿಂದ ಸುಮಾರು 700 ಮೀಟರ್ ಎತ್ತರದಲ್ಲಿ ನಾಲಗೆಯಂತೆ ಚಾಚಿಕೊಂಡಿದೆ. ಬೆಟ್ಟದ ಬುಡದಿಂದ ಹೊರಟರೆ ಹೋಗಿ ಬರಲು ಸುಮಾರು 27 ಕಿಲೋಮೀಟರ್ ನಡೆಯಬೇಕು. 2010ರಲ್ಲಿ ವರ್ಷಕ್ಕೆ 800 ಮಂದಿ ಹೋಗುತ್ತಿದ್ದ ಆ ಜಾಗಕ್ಕೆ 2016ರ ಹೊತ್ತಿಗೆ ಹೋದವರು ಸುಮಾರು 80,000. ಇಷ್ಟೊಂದು ಜನ ಅಲ್ಲಿಗೆ ನುಗ್ಗಿದ್ದು ಏಕೆಂದರೆ, ಅಲ್ಲಿ ಯಾರೂ ಇರುವುದಿಲ್ಲವೆಂದು ಎಲ್ಲ ಫೋಟೊಗಳೂ ಸಾಕ್ಷಿ ಹೇಳುತ್ತಿದ್ದವು! ನಾಲಗೆಯ ತುದಿಯಲ್ಲಿ ಒಬ್ಬನೇ ಕುಳಿತವನ ಬೆನ್ನ ಹಿಂದೆ, ಕ್ಯಾಮೆರಾಗೆ ಸಿಗದಷ್ಟು ದೂರದಲ್ಲಿ, ಗಂಟೆಗಟ್ಟಲೆ ಕಾಯುವ ಸಾಲಿದೆ ಎಂಬುದನ್ನು ತಿಳಿಯಲು ಅಷ್ಟು ದೂರ ನಡೆದೇ ಹೋಗಬೇಕಾಗಿತ್ತು.

ಬಾಲಿ ದ್ವೀಪದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿನ ಲೆಂಪುಯಾಂಗ್ ದೇಗುಲದ ಸೀಳು ಹೆಬ್ಬಾಗಿಲು, ಅದರ ನಡುವೆ ದೂರದಲ್ಲಿ ಆಗುಂಗ್ ಪರ್ವತ, ಕೆಳಗೆ ಇವೆರಡನ್ನೂ ಪ್ರತಿಬಿಂಬಿಸುವ ನಿಶ್ಚಲ ಸರೋವರ: ಈ ದೃಶ್ಯವನ್ನು ಕಾಣದ ಕಣ್ಣುಗಳು ಈಗ ವಿರಳ. ಸರೋವರವನ್ನು ಕಣ್ಣಾರೆ ಕಾಣಲು ಹೋದವರಿಗೆ ಸಿಕ್ಕಿದ್ದು ಒಣನೆಲ, ಮತ್ತು ಫೋನಿನ ಕ್ಯಾಮೆರಾದ ಕೆಳಗೆ ಪುಟ್ಟ ಕನ್ನಡಿಯನ್ನು ಅಡ್ಡ ಹಿಡಿದು ಕುಳಿತ ಛಾಯಾಗ್ರಾಹಕ. 2019ರಲ್ಲಿ ಈ ಗುಟ್ಟು ಜಗಜ್ಜಾಹೀರಾಯಿತು. ಆದರೆ ಸಾಲು ಕರಗಲಿಲ್ಲ. ಸರೋವರವಿಲ್ಲವೆಂದು ಗೊತ್ತಿದ್ದವರೂ ಸರೋವರದ ಮುಂದೆ ನಿಲ್ಲಲು ತಮ್ಮ ಸರದಿಗಾಗಿ ತಾಳ್ಮೆಯಿಂದ ಕಾದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳುತ್ತಿದ್ದ ನಮ್ಮ ಹಿರಿಯರಿಗೆ, ಹುಣ್ಣಿಗೆ ಬೇಡವಾದ ಕನ್ನಡಿ ಸರೋವರಕ್ಕೆ ಬೇಕಾಗುತ್ತದೆ ಎಂಬುದು ಹೊಳೆದಿರಲಾರದು.

ಜಪಾನಿನ ಫುಜಿಕಾವಾಗುಚಿಕೊ ಎಂಬ ಪಟ್ಟಣದ ಆಡಳಿತಕ್ಕೆ ಮಾತ್ರ ಇಷ್ಟು ತಾಳ್ಮೆಯಿರಲಿಲ್ಲ. ಅಲ್ಲಿ ಒಂದು ಸಾಮಾನ್ಯ ಅಂಗಡಿಯ ಛಾವಣಿಯ ಮೇಲೆ ಫುಜಿ ಪರ್ವತ ಬಂದು ಕುಳಿತಂತೆ ಕಾಣುವ ಒಂದು ಕೋನವಿದೆ. ಆ ಕೋನವನ್ನು ಹಿಡಿಯಲೆಂದು ಜನ ರಸ್ತೆಗೆ ಅಡ್ಡಡ್ಡ ನುಗ್ಗಿ, ಕಸ ಚೆಲ್ಲಿ, ಎಲ್ಲೆಂದರಲ್ಲಿ ವಾಹನ ನಿಲ್ಲಿಸಿ ರಂಪ ಮಾಡಿದ್ದರಿಂದ ಬೇಸತ್ತ ಆಡಳಿತ, 2024ರ ಮೇ ತಿಂಗಳಲ್ಲಿ ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಬಲೆಯ ಪರದೆ ಕಟ್ಟಿತು. 3,776 ಮೀಟರ್ ಎತ್ತರದ ಪರ್ವತಕ್ಕೆ ಎರಡೂವರೆ ಮೀಟರಿನ ಪರದೆ! ಆದರೂ ಅದು ಸಾಕಾಯಿತು. ಏಕೆಂದರೆ ಬಂದವರಿಗೆ ಬೇಕಾಗಿದ್ದುದು ಪರ್ವತವಲ್ಲ, ಆ ಕೋನ. ಹತ್ತು ಹೆಜ್ಜೆ ಆಚೆ ಸರಿದರೆ ಅದೇ ಪರ್ವತ ಧಾರಾಳವಾಗಿ ಕಾಣುತ್ತಿತ್ತಾದರೂ, ಕೆಲವೇ ದಿನಗಳಲ್ಲಿ ಆ ಬಲೆಯಲ್ಲಿ ಫೋನಿನ ಕ್ಯಾಮೆರಾ ಕಣ್ಣಿನ ಅಳತೆಯ ತೂತುಗಳು ಕಾಣಿಸಿಕೊಂಡವು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಗ್ರಾಮದವರೂ 2023ರಲ್ಲಿ ಸೆಲ್ಫಿಯವರ ಕಾಟಕ್ಕೆ ಮರದ ಬೇಲಿ ಹಾಕಿ ತಮ್ಮದೇ ಊರಿನ ಚೆಲುವನ್ನು ಮುಚ್ಚಿ, ಕೊನೆಗೆ ಟೀಕೆ ತಾಳಲಾರದೆ ತೆಗೆದರು. ಊರು ಚೆನ್ನಾಗಿ ಕಾಣುವುದೇ ಊರಿನವರಿಗೆ ತಾಪತ್ರಯವಾಗಬಹುದೆಂದು ಯಾರು ತಾನೇ ಎಣಿಸಿದ್ದರು?

ಬೆಟ್ಟ ಇಳಿಯುವಾಗ ಆ ಯುವಕ ಜೊತೆಯಾದ. ಏಕಾಂತದ ಉದ್ಯಮಕ್ಕೆ ಬೆಟ್ಟವೇ ಆಗಬೇಕೆಂದಿಲ್ಲ, ಮಲಗುವ ಕೋಣೆಯೂ ಆಗುತ್ತದೆ ಎಂದು ತಿಳಿದದ್ದು ಆಗಲೇ. ‘ನನ್ನ ನಸುಕು, ನನ್ನ ಮೌನ’ ಎಂಬ ಹೆಸರಿನಲ್ಲಿ, ತಾನು ಐದು ಗಂಟೆಗೆ ಎದ್ದು ಯಾರ ಹಂಗೂ ಇಲ್ಲದೆ ದಿನವನ್ನು ಆರಂಭಿಸುವುದನ್ನು ಅವನು ವಿಡಿಯೊ ಮಾಡಿದ್ದನಂತೆ. ಐದಕ್ಕೆ ಏಳುವುದನ್ನು ಚಿತ್ರಿಸಬೇಕಾದರೆ ನಾಲ್ಕಕ್ಕೇ ಎದ್ದು, ಟ್ರೈಪಾಡ್ ನಿಲ್ಲಿಸಿ, ಕಿಟಕಿಯ ಹೊರಗೆ ಸೂರ್ಯನ ಬದಲಿಗೆ ಒಂದು ದೀಪ ಕಟ್ಟಿ, ಮುಖ ತೊಳೆದು, ಬಾಚಿದ ಕೂದಲನ್ನು ನಿದ್ದೆಯಲ್ಲಿ ಕೆದರಿದಂತೆ ಕೆದರಿಕೊಂಡು ಮತ್ತೆ ಹೊದಿಕೆಯೊಳಗೆ ಸೇರಿಕೊಳ್ಳಬೇಕು. ಮೊದಲ ಟೇಕಿನಲ್ಲಿ ಆಕಳಿಕೆ ಜಾಸ್ತಿಯಾಯಿತು, ಎರಡನೆಯದರಲ್ಲಿ ಹೊದಿಕೆ ಕಾಲಿಗೆ ತೊಡರಿತು. ಮೂರನೆಯದರಲ್ಲಿ ಪಾಪ, ಅವನಿಗೆ ನಿಜವಾಗಿಯೇ ನಿದ್ದೆ ಹತ್ತಿ, ಎಚ್ಚರವಾದಾಗ ಒಂಬತ್ತು ಗಂಟೆ. ಇಡೀ ವಿಡಿಯೊದಲ್ಲಿ ಸಹಜವಾಗಿ ಬಂದಿದ್ದ ಆ ನಾಲ್ಕು ಗಂಟೆಗಳನ್ನು ಅವನು ಅಳಿಸಬೇಕಾಯಿತು. ಹಿಂದಿನ ವಾರ ಹೋಗಿದ್ದ ಸಂಗೀತ ಕಾರ್ಯಕ್ರಮದ್ದೂ ಬಹುತೇಕ ಇದೇ ಕಥೆ: ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರಿಂದ ಗಾಯಕ ಕಾಣಲಿಲ್ಲವಂತೆ, ಆದರೆ ಮುಂದಿನವರ ಸ್ಕ್ರೀನಿನಲ್ಲಿ ಚೆನ್ನಾಗಿ ಕಂಡನಂತೆ, ಇವನು ಆ ಸ್ಕ್ರೀನನ್ನೇ ಚಿತ್ರಿಸಿಕೊಂಡು ಬಂದನಂತೆ.

ನಾನು ಇಷ್ಟೆಲ್ಲ ನಕ್ಕಿದ್ದಕ್ಕೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಸಾಲಿನಲ್ಲಿ ನಾನೂ ನಿಂತಿದ್ದೆ. ನನ್ನ ಎರಡು ನಿಮಿಷಗಳನ್ನು ನಾನೂ ಬಿಟ್ಟುಕೊಡಲಿಲ್ಲ, ದಿಗಂತವನ್ನು ನಾನೂ ಗಂಭೀರವಾಗಿ ದಿಟ್ಟಿಸಿದೆ. ಸಂಜೆ ನೋಡಿದರೆ ಆ ಫೋಟೊದ ಅಂಚಿನಲ್ಲಿ ರೇನ್‌ಕೋಟ್ ತೊಟ್ಟ ಒಂದು ಮೊಣಕೈ ಇಣುಕುತ್ತಿತ್ತು. 2021ರಲ್ಲಿ ಗೂಗಲ್ ತನ್ನ ಫೋನುಗಳಿಗೆ ಮ್ಯಾಜಿಕ್ ಇರೇಸರ್ ಎಂಬ ಸೌಲಭ್ಯ ತಂದ ಮೇಲೆ, ಫೋಟೊದಲ್ಲಿ ಅಡ್ಡ ಬಂದವರನ್ನು ಬೆರಳಿನಿಂದ ಒರೆಸಿ ಹಾಕುವುದು ಬೇರೆ ಕಂಪನಿಗಳ ಫೋನುಗಳಿಗೂ ಬಂದಿದೆ. ನಾನು ಆ ಮೊಣಕೈಯನ್ನು ಒರೆಸಿದೆ. ಅದೇ ಹೊತ್ತಿಗೆ ಆ ನಲವತ್ತು ಮಂದಿಯೂ ತಂತಮ್ಮ ಮನೆಗಳಲ್ಲಿ ಕುಳಿತು ನನ್ನನ್ನು ಒರೆಸುತ್ತಿದ್ದಿರಬೇಕು. ಎಲ್ಲರ ಫೋಟೊಗಳನ್ನೂ ಒಟ್ಟುಗೂಡಿಸಿದರೆ ಅಂದು ಆ ಬೆಟ್ಟಕ್ಕೆ ನಲವತ್ತು ಬಾರಿ ಒಬ್ಬೊಬ್ಬರೇ ಹೋಗಿದ್ದಾರೆ. ನನ್ನ ಫೋಟೊದಲ್ಲಿ ಮೊಣಕೈಯೇನೋ ಗುರುತಿಲ್ಲದಂತೆ ಮಾಯವಾಯಿತು. ಜೊತೆಗೆ ನನ್ನ ಎಡಗಾಲಿನ ಬೂಟೂ ಹೋಗಿದ್ದು, ಫೋಟೊವನ್ನು ಎಲ್ಲರಿಗೂ ಹಂಚಿದ ಮೇಲೆ ಗೊತ್ತಾಯಿತು.