ಇದಕ್ಕೆ ಕೇಕ್ ಬೇರೆ ಕೇಡು

ನಾನು ಹೋಗುತ್ತೇನೆ ಅಂತ ಯಾರಿಗೆ ಹೇಳಿದ್ದೆ? ಯಾರಿಗೂ ಇಲ್ಲ. ಈ ಕೆನಡಾದಲ್ಲಿ ನನ್ನ ವರ್ಕ್ ಪರ್ಮಿಟ್ ಮುಗಿಯುವ ತಾರೀಖು ಗೊತ್ತಿದ್ದದ್ದು ಎಚ್‌ಆರ್‌ನವಳಿಗೆ ಮಾತ್ರ. ಅವಳು ಅದನ್ನು ಟೀಮಿನ ಕ್ಯಾಲೆಂಡರಿಗೆ ಹಾಕಿಬಿಟ್ಟಿದ್ದಾಳೆ, ನನ್ನ ಹೆಸರಿನ ಮುಂದೆ ‘ಲಾಸ್ಟ್ ಡೇ’ ಅಂತ. ಒಬ್ಬನ ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟು, ಇನ್ನೊಬ್ಬಳ ರಜೆ, ಮಧ್ಯದಲ್ಲಿ ನನ್ನ ಲಾಸ್ಟ್ ಡೇ. ಎಲ್ಲರೂ ನೋಡಿದ್ದಾರೆ. ನೋಡಿಲ್ಲದವಳು ನಾನೊಬ್ಬಳೇ.

ಬಸ್ಸಲ್ಲಿ ಕೂತು ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಡ್ಜಸ್ಟ್ ಮಾಡ್ಕೊಳ್ಳಿ.

ಮ್ಯಾನೇಜರ್ ಬಂದು ‘ಐದು ನಿಮಿಷ ಲಂಚ್ ರೂಮಿಗೆ ಬಾ’ ಅಂದರು. ತಿಂಗಳ ಕೊನೆಯ ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಂಡು ಲ್ಯಾಪ್‌ಟಾಪ್ ಸಮೇತ ಓಡಿದೆ. ಲ್ಯಾಪ್‌ಟಾಪ್ ಸಮೇತ ರೀ! ಬ್ಯಾಂಕ್ ತಾಳೆ ನೋಡುವ ಶೀಟು ತೆರೆದಿಟ್ಟುಕೊಂಡು! ಒಳಗೆ ನೋಡಿದರೆ ಇಡೀ ಟೀಮು ನಿಂತಿದೆ. ಮೈಕ್ರೋವೇವ್ ಪಕ್ಕದಲ್ಲಿ ದೊಡ್ಡ ಕೇಕು. ಅದರ ಮೇಲೆ ನೀಲಿ ಕ್ರೀಮಿನ ವಿಮಾನ. ವಿಮಾನದ ಕೆಳಗೆ ‘ಬಾನ್ ವೊಯಾಜ್’. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಲ್ಯಾಪ್‌ಟಾಪ್ ಎಲ್ಲಿಡೋದು ಅಂತ ಗೊತ್ತಾಗದೆ ಫ್ರಿಜ್ ಮೇಲಿಟ್ಟೆ.

‘ಊರಿಗೆ ಹೋಗೋ ಖುಷಿ ಇದೆಯಾ?’ ಅಂತ ಮ್ಯಾನೇಜರ್ ಕೇಳಿದರು. ವ್ಯಂಗ್ಯ ಏನೂ ಇಲ್ಲ, ಒಳ್ಳೆ ಮನುಷ್ಯ, ನಿಜವಾಗಿಯೂ ಕೇಳಿದ್ದು. ಅದೇ ಹೊಟ್ಟೆ ಉರಿಯೋದು. ಆ ಕ್ಷಣ ನನ್ನ ಬಾಯಲ್ಲಿ ಏನು ಬಂತು ಗೊತ್ತಾ? ‘ಯೆಸ್, ಥ್ಯಾಂಕ್ ಯೂ ಸೋ ಮಚ್!’ ಇಷ್ಟಗಲ ಹಲ್ಲು ಬಿಟ್ಟುಕೊಂಡು ಹೇಳಿದೆ. ಆಮೇಲೆ ಚಾಕು ಕೈಗೆ ಕೊಟ್ಟರು. ಕತ್ತರಿಸಿದೆ. ಕತ್ತರಿಸಿ ಸುಮ್ಮನಿರಬಹುದಿತ್ತು, ಅಲ್ವಾ? ಇಲ್ಲ, ಒಂದೊಂದೇ ಪೇಪರ್ ಪ್ಲೇಟಿಗೆ ಹಾಕಿ ನಾನೇ ಹಂಚಿದೆ. ನನ್ನ ತಿಥಿಗೆ ನಾನೇ ಬಡಿಸಿದ ಹಾಗೆ. ಪಕ್ಕದ ಸೀಟಿನವಳು ಕೇಕ್ ಬಾಯಲ್ಲಿಟ್ಟುಕೊಂಡೇ, ನನ್ನ ಮೇಜಿನ ಕೆಳಗಿರುವ ಕಾಲು ಬೆಚ್ಚಗೆ ಮಾಡುವ ಹೀಟರ್ ‘ನೀನು ಹೋದ ಮೇಲೆ ನಾನು ತಗೊಳ್ಳಲಾ?’ ಅಂದಳು. ಅದು ಆಫೀಸಿನದ್ದಲ್ಲ, ನನ್ನ ದುಡ್ಡಲ್ಲಿ ತಂದಿದ್ದು. ‘ಶೂರ್, ಶೂರ್’ ಅಂದೆ. ಈ ಶೂರ್ ಶೂರ್ ಅನ್ನುವ ಬಾಯಿಗೆ ಬರೆ ಹಾಕಬೇಕು.

ಇನ್ನು ಆ ಕೇಕು. ಕೇಕಿಗೂ ಫ್ರೆಂಚ್ ಬರುತ್ತೆ ಸ್ವಾಮಿ, ನನಗೆ ಬರಲ್ಲ. ಅಂಕ ಎಣಿಸಿ ಕರೆಯೋ ಎಕ್ಸ್‌ಪ್ರೆಸ್ ಎಂಟ್ರಿಗೆ ಅದೇ ಅರ್ಜಿ ಹಾಕಿದ್ದರೆ ನನಗಿಂತ ಮೊದಲು ಪಿಆರ್, ಅಂದರೆ ಇಲ್ಲೇ ಕಾಯಂ ಇರೋ ಹಕ್ಕು, ಸಿಗ್ತಿತ್ತು. ತಮಾಷೆ ಅಲ್ಲ. 2024ರ ಫೆಬ್ರವರಿಯಲ್ಲಿ ಫ್ರೆಂಚ್ ಬಲ್ಲವರನ್ನು 336 ಅಂಕಕ್ಕೆ ಕರೆದರು. ಇಲ್ಲೇ ಕೆಲಸ ಮಾಡುವವರ ಸಾಲಿನಲ್ಲಿ 2025ರಲ್ಲಿ ಕಟ್ಆಫ್ 500ರ ಕೆಳಗೆ ಇಳಿಯಲೇ ಇಲ್ಲ. ನನ್ನದು 475. ಮೊನ್ನೆ ಮೊನ್ನೆವರೆಗೆ 480 ಇತ್ತು. ಮೂವತ್ತು ತುಂಬಿತು, ಐದು ಅಂಕ ಕಟ್. ಹುಟ್ಟುಹಬ್ಬದ ಉಡುಗೊರೆ.

ಈ ಅಂಕದ ಆಟ ಹೇಗೆ ಅಂತ ಊರಲ್ಲಿ ಯಾರಿಗೆ ಹೇಳಿದರೂ ಅರ್ಥ ಆಗಲ್ಲ. ಅಪ್ಪ ಚನ್ನಗಿರಿಯಿಂದ ಫೋನ್ ಮಾಡಿ ‘ಎಷ್ಟಕ್ಕೆ ಪಾಸವ್ವಾ?’ ಅಂತಾರೆ. ಅಪ್ಪಾ, ಅದನ್ನು ಅವರು ಮೊದಲೇ ಹೇಳಲ್ಲ. ಡ್ರಾ, ಅಂದರೆ ಆ ಸಲದ ಕರೆ, ಆದ ಮೇಲೆ ಹೇಳ್ತಾರೆ. 2021ರ ಫೆಬ್ರವರಿ 13ಕ್ಕೆ 75 ಅಂಕಕ್ಕೆ ಕರೆದಿದ್ದರು. ಎಪ್ಪತ್ತೈದು! ಒಂದೇ ದಿನ 27,332 ಜನಕ್ಕೆ. ಅದಕ್ಕೂ ಇಲ್ಲಿ ಒಂದು ವರ್ಷ ಕೆಲಸ ಮಾಡಿರಬೇಕಿತ್ತು. ನಾನು ಆಗ ಮೊದಲ ಸೆಮಿಸ್ಟರ್, ಬೇಸ್‌ಮೆಂಟಲ್ಲಿ ಸ್ವೆಟರ್ ಹಾಕಿಕೊಂಡು ಆನ್‌ಲೈನ್ ಕ್ಲಾಸ್ ಕೇಳ್ತಾ ಕೂತಿದ್ದೆ. ಆ ಸಲ ಪಿಆರ್ ಸಿಕ್ಕ ನಮ್ಮ ಕಡೆಯ ಅಣ್ಣ ಒಬ್ಬರಿದ್ದಾರೆ. ಈಗ ಮಿಲ್ಟನ್‌ನಲ್ಲಿ ಮನೆ ತಗೊಂಡಿದ್ದಾರೆ. ಯುಗಾದಿಗೆ ಕರೆದು ಹೋಳಿಗೆ ಹಾಕ್ತಾ ‘ಕಷ್ಟಪಡಬೇಕಮ್ಮ, ಸುಮ್ನೆ ಸಿಗಲ್ಲ’ ಅಂದರು. ಅಣ್ಣಾ, ನಿಮಗೆ ಸುಮ್ನೇ ಸಿಕ್ಕಿತ್ತು.

ಸರಿ, ಅವರ ಮೇಲೆ ಯಾಕೆ ಸಿಟ್ಟು. ಅವರ ಟೈಮು ಚೆನ್ನಾಗಿತ್ತು. ಈ ದೇಶದವರದ್ದೂ ತಪ್ಪಿಲ್ಲ ಬಿಡಿ. ಬಾಡಿಗೆ ಆಕಾಶಕ್ಕೆ ಹೋಗಿದೆ, ಅವರ ಮಕ್ಕಳಿಗೇ ಕೆಲಸ ಇಲ್ಲ. ವರ್ಷಕ್ಕೆ 5 ಲಕ್ಷ ಜನರಿಗೆ ಪಿಆರ್ ಕೊಡ್ತೀವಿ ಅಂದಿದ್ದವರು 2024ರ ಅಕ್ಟೋಬರಿನಲ್ಲಿ ಪ್ಲಾನ್ ಬದಲಾಯಿಸಿ 2025ಕ್ಕೆ 3,95,000, 2026ಕ್ಕೆ 3,80,000 ಅಂದರು. ಅವರ ಮನೆ, ಅವರ ಬಾಗಿಲು. ಹೋಗು ಅಂದರೆ ಹೋಗಬೇಕು.

ಯಾಕೆ ಹೋಗಬೇಕು? ಓದೋಕೆ ಬಂದಾಗ ಇಲ್ಲಿಯವರಿಗಿಂತ ಮೂರು ಪಟ್ಟು ಫೀಸು ತಗೊಳ್ಳುವಾಗ ಬಾಗಿಲು ಯಾರದ್ದಾಗಿತ್ತು? ಪ್ರತಿ ಸಂಬಳದಲ್ಲೂ ಪಿಂಚಣಿಗೆ ಅಂತ ಸಿಪಿಪಿ ಹಿಡಿದರು, ನಿರುದ್ಯೋಗ ವಿಮೆಗೆ ಅಂತ ಇಐ ಹಿಡಿದರು. ಕೆಲಸ ಹೋದರೆ ಇರಲಿ ಅಂತ ಕಟ್ಟಿಸಿಕೊಳ್ಳೋದು ಅದು. ನನ್ನ ಕೆಲಸ ಹೋಗ್ತಾ ಇದೆ, ಎಲ್ಲಿದೆ ನನ್ನ ಇಐ? ವರ್ಕ್ ಪರ್ಮಿಟ್ ಇಲ್ಲದೆ ಮನೆಯಲ್ಲಿ ಕೂತವಳಿಗೆ ಅದನ್ನು ಯಾರು ಕೊಡ್ತಾರೆ?

ನನ್ನದು ಪಿಜಿಡಬ್ಲ್ಯೂಪಿ, ಇಲ್ಲಿ ಓದು ಮುಗಿಸಿದವರಿಗೆ ಕೊಡೋ ವರ್ಕ್ ಪರ್ಮಿಟ್. ಅದು ಜೀವಮಾನಕ್ಕೆ ಒಂದೇ ಸಲ. 2023ರಲ್ಲಿ ಒಂದಿಷ್ಟು ಜನಕ್ಕೆ ಹದಿನೆಂಟು ತಿಂಗಳು ಜಾಸ್ತಿ ಕೊಟ್ಟರು, ಅವರ ಪರ್ಮಿಟ್ ಆ ವರ್ಷವೇ ಮುಗಿಯುತ್ತಿತ್ತು ಅಂತ. ನನ್ನದು ಆ ವರ್ಷ ಶುರುವಾಯಿತು. ಎಲ್ಲಾ ಕಡೆಯೂ ಹೀಗೇ, ಬಸ್ಸು ಹೊರಟ ಮೇಲೆ ಸ್ಟಾಪಿಗೆ ಬರೋಳು ನಾನು.

ಮ್ಯಾನೇಜರ್ ಒಳ್ಳೆ ಮನುಷ್ಯ ಅಂದೆನಲ್ಲ, ಹಿಂದಕ್ಕೆ ತಗೊಂಡೆ. ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳೋಕೆ ಸರ್ಕಾರ ಕೊಡೋ ಒಪ್ಪಿಗೆ ಪತ್ರ) ಮಾಡಿಸೋಣ, ವಕೀಲರನ್ನು ಕೇಳ್ತೀನಿ, ಮುಂದಿನ ತಿಂಗಳು ನೋಡೋಣ ಅಂತ ಎಳೆದರು, ಎಳೆದರು. ಆಗ ಆಗಿದ್ದರೆ 50 ಅಂಕ ಬರ್ತಿತ್ತು. 2025ರ ಮಾರ್ಚ್ 25ಕ್ಕೆ ಆ ಅಂಕವನ್ನೇ ಕಿತ್ತು ಹಾಕಿದರು, ಲೆಟರ್ ಮಾರುವವರು ಜಾಸ್ತಿಯಾದರು ಅಂತ. ಮಾರುವವರು ಇನ್ನೂ ಮಾರುತ್ತಿದ್ದಾರೆ. ನಮ್ಮ ಮನೆ ಹತ್ತಿರದ ಪ್ಲಾಜಾದಲ್ಲೇ ಒಬ್ಬ ಕೂತಿದ್ದಾನೆ. ‘ಅಂಕ ಬರಲ್ಲ ಸಿಸ್ಟರ್, ಆದ್ರೆ ವರ್ಕ್ ಪರ್ಮಿಟ್ ಸಿಗುತ್ತೆ, ಕ್ಯಾಶ್ ಮಾತ್ರ’ ಅಂದ. ಅವನು ಹೇಳಿದ ಮೊತ್ತ ಅಪ್ಪನ ತೋಟದ ಒಂದು ವರ್ಷದ ಅಡಿಕೆ. ಮಾರಿದವನು ಆರಾಮಾಗಿ ಟೀ ಕುಡೀತಾನೆ, ಒಂದು ಪೈಸೆ ಕೊಡದ ನನ್ನ ಅಂಕ ಹೋಯಿತು. ಇದು ಯಾವ ನ್ಯಾಯ? ಯಾರಾದರೂ ಉತ್ತರ ಕೊಡ್ರಪ್ಪಾ!

ಆದರೆ ಎಲ್ಲಕ್ಕಿಂತ ಜಾಸ್ತಿ ಉರಿಸೋದು ಬೇರೆಯೇ ಇದೆ. ಇಲ್ಲಿಗೆ ಬರುವ ಮುಂಚೆ ದಾವಣಗೆರೆಯಲ್ಲಿ ಮೂರು ವರ್ಷಕ್ಕೂ ಜಾಸ್ತಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಎಲ್ಲಾ ನಾನೇ. ಆ ಅನುಭವ ಲೆಕ್ಕಕ್ಕೆ ಬಂದರೆ ಸೀದಾ 50 ಅಂಕ. 525 ಆಗುತ್ತೆ. 2025ರ ಜುಲೈನಲ್ಲಿ 518ಕ್ಕೇ ಕರೆದಿದ್ದರು! ಆದರೆ ಸಂಬಳ ಕೈಗೆ ಕೊಡ್ತಿದ್ದರು, ಕವರಲ್ಲಿ. ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಹೊರಡುವಾಗ ಪತ್ರ ಕೇಳಿದರೆ ‘ಪತ್ರ ಯಾಕವ್ವಾ, ನಾನಿಲ್ವಾ’ ಅಂದರು. ಹಿಂದೆ ಬಿದ್ದು ಕೇಳಿದ್ದಕ್ಕೆ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆಸಿಕೊಟ್ಟರು. ‘ಇವರು ನಮ್ಮಲ್ಲಿ ಕೆಲಸ ಮಾಡಿರುತ್ತಾರೆ. ಇವರ ಗುಣನಡತೆ ಉತ್ತಮವಾಗಿರುತ್ತದೆ.’ ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಏನೇನು ಕೆಲಸ, ಒಂದೂ ಇಲ್ಲ. ಇಲ್ಲಿನವರಿಗೆ ಬೇಕಾದದ್ದು ಅದೇ. ನನ್ನ ಗುಣನಡತೆಗೆ ಅಂಕ ಇಲ್ಲ. ಹೊಸ ಪತ್ರ ಕೇಳೋಣ ಅಂದರೆ ಆಡಿಟರ್ ಸರ್ ಹೋಗಿಬಿಟ್ಟರು, ಆಫೀಸು ಮುಚ್ಚಿದೆ. ನಾನಿಲ್ವಾ ಅಂದಿದ್ದರು, ಪಾಪ.

ಬಿಡಿ, ಹೋಗಿಬಿಡ್ತೀನಿ. ಹೀಟರ್ ಅವಳೇ ಇಟ್ಟುಕೊಳ್ಳಲಿ. ಅಲ್ಲ, ಹೋಗಿ ಏನು ಮಾಡ್ಲಿ? ಲೋನಿನ ಕಂತು ಡಾಲರ್ ನೋಡಿ ಹಾಕಿಸಿಕೊಂಡಿದ್ದು. ವಿಸಿಟರ್ ರೆಕಾರ್ಡಿಗೆ ಹಾಕಿ ಇಲ್ಲೇ ಇರಬಹುದು, ಆದರೆ ಕೆಲಸ ಮಾಡೋ ಹಾಗಿಲ್ಲ. ಬಾಡಿಗೆ ಯಾರು ಕಟ್ಟೋದು, ಮಿಲ್ಟನ್ ಅಣ್ಣ?

ಹಾಗಾಗಿ ಕೇಳ್ತಾ ಇದ್ದೀನಿ, ಗೊತ್ತಿದ್ದವರು ಹೇಳಿ. ಆಡಿಟರ್ ಸರ್ ಮಗ ಬೆಂಗಳೂರಲ್ಲಿ ಇದ್ದಾನೆ, ಅವನು ಸಿಎ ಅಲ್ಲ. ಅವನ ಹತ್ತಿರ ಅಫಿಡವಿಟ್ ಮಾಡಿಸಿದರೆ ಒಪ್ತಾರಾ? ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಬರೆದುಕೊಟ್ಟರೆ? ಯಾರಾದರೂ ಹೀಗೆ ಮಾಡಿಸಿ ಪಾಸಾಗಿದ್ದೀರಾ? ಫ್ರೆಂಚ್ ಕಲಿ ಅನ್ನೋರು ಮಾತ್ರ ದಯವಿಟ್ಟು ಇವತ್ತೊಂದು ದಿನ ಸುಮ್ನಿರಿ.