ತಿನ್ನು ಮಾರಾಯ

200 ಕಿಲೋಮೀಟರ್ ಬ್ರೆವೆಗೆ ಹೆಸರು ಕೊಟ್ಟಾಗ ನನಗಿದ್ದ ಭಯವೆಲ್ಲ ಕಾಲಿನದ್ದು. ಬ್ರೆವೆ ಅಂದರೆ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಮೊದಲು ಬಂದವನಿಗೆ ಕಪ್ ಕೊಡಲ್ಲ, ಕೊನೆಗೆ ಬಂದವನನ್ನು ನೋಡಿ ಯಾರೂ ನಗಲ್ಲ. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ದಾರಿಯ ಕಂಟ್ರೋಲ್ ಪಾಯಿಂಟುಗಳಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು, ಪಂಕ್ಚರ್ ಆಗಲಿ ಹಸಿವಾಗಲಿ ನಮ್ಮ ಗೋಳು ನಾವೇ ನೋಡಿಕೊಳ್ಳಬೇಕು, ಅಷ್ಟೇ. ಹಾಗಾಗಿ ಮೂರು ತಿಂಗಳು ಕಾಲಿಗೆ ಟ್ರೈನಿಂಗ್ ಕೊಟ್ಟೆ. 40, 60, 100 ಅಂತ ಏರಿಸುತ್ತಾ ಹೋದೆ. ಹೊಟ್ಟೆಗೂ ಟ್ರೈನಿಂಗ್ ಬೇಕು ಅಂತ ಹೊಳೆಯಲೇ ಇಲ್ಲ. ಅದು ನಲವತ್ತು ವರ್ಷದಿಂದ ದಿನಾ ಪ್ರಾಕ್ಟೀಸ್ ಮಾಡ್ತಾನೇ ಇದೆ, ಅಲ್ವಾ?

ಮೊದಲ ದೊಡ್ಡ ರೈಡಿಗೆ ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಚಡ್ಡಿ ಹಾಕಿಕೊಂಡು ಹೋಗಿದ್ದೆ. ಆ ಶಾರ್ಟ್ಸ್ ಒಳಗೆ ಏನೂ ಹಾಕಬಾರದು, ಹಾಕಿದರೆ ಚಡ್ಡಿಯ ಹೊಲಿಗೆ ತಿಕ್ಕಿ ತಿಕ್ಕಿ ಚರ್ಮ ಸುಲಿಯುತ್ತದೆ ಅನ್ನೋದು 60ನೇ ಕಿಲೋಮೀಟರಿನಲ್ಲಿ ತಾನಾಗಿಯೇ ತಿಳಿಯಿತು. ಎರಡು ದಿನ ಆಫೀಸಿನಲ್ಲಿ ನಿಂತುಕೊಂಡೇ ಕೆಲಸ ಮಾಡಿದೆ. ಕೇಳಿದವರಿಗೆ ಬೆನ್ನಿಗೆ ಒಳ್ಳೆಯದಂತೆ ಅಂದೆ. ಇಬ್ಬರು ನನ್ನ ಮಾತು ನಂಬಿ ತಾವೂ ನಿಂತರು, ಪಾಪ.

ಬ್ರೆವೆಗೆ ಒಂದು ವಾರ ಇದೆ ಅನ್ನುವಾಗ ಊಟದ ಲೆಕ್ಕಕ್ಕೆ ಕೂತೆ. ನಮ್ಮ ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 400ರಿಂದ 500 ಗ್ರಾಂ ಸಕ್ಕರೆ ದಾಸ್ತಾನು ಇರುತ್ತದೆ. ಜೋರಾಗಿ ತುಳಿದರೆ ಕೆಲವೇ ಗಂಟೆಯಲ್ಲಿ ಅದು ಖಾಲಿ. ಆಮೇಲೆ ನಡೆಯಬೇಕಾದ್ದು ಬಾಯಿಗೆ ಹಾಕಿಕೊಂಡಿದ್ದರಿಂದಲೇ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಿ ಅನ್ನುತ್ತಾರೆ. ನನ್ನ ಅಂದಾಜು 12 ಗಂಟೆ. ಒಟ್ಟು 720 ಗ್ರಾಂ. ಒಂದು ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ 25 ಗ್ರಾಂ. ಭಾಗಿಸಿದೆ. 29 ಬಾಳೆಹಣ್ಣು ಬಂತು.

"ಇಪ್ಪತ್ತೊಂಬತ್ತಾ? ನೀವು ಸೈಕಲ್ ತುಳಿಯೋಕೆ ಹೋಗ್ತಿದೀರಾ, ಆನೆ ಸಾಕೋಕಾ?" ಅಂದಳು ಹೆಂಡತಿ.

ಜೆರ್ಸಿಯ ಬೆನ್ನಿನಲ್ಲಿ ಇರೋದೇ ಮೂರು ಜೇಬು. ಹಾಗಾಗಿ ನಾಲ್ಕು ಬಾಳೆಹಣ್ಣು, ಉಳಿದಿದ್ದೆಲ್ಲ ಜೆಲ್ (ಪುಟ್ಟ ಪೊಟ್ಟಣದಲ್ಲಿ ಬರುವ ಅಂಟಂಟು ಸಕ್ಕರೆ ಪಾಕ) ಮತ್ತು ಪುಡಿ ಅಂತ ತೀರ್ಮಾನವಾಯಿತು. ನೀರಿಗೆ ಬೆರೆಸುವ ಆ ಬಿಳಿ ಪುಡಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ತೂಗಿ ಪುಟ್ಟ ಪ್ಲಾಸ್ಟಿಕ್ ಕವರುಗಳಿಗೆ ತುಂಬುತ್ತಾ ಕೂತಿದ್ದಾಗ ಹೆಂಡತಿ ಮತ್ತೆ ಬಂದಳು. ಸ್ವಲ್ಪ ಹೊತ್ತು ನೋಡಿ, "ಪೊಲೀಸರು ಹಿಡಿದರೆ ಜಾಮೀನಿಗೆ ನನ್ನ ಕರೀಬೇಡಿ" ಅಂತ ಹೇಳಿ ಹೋದಳು.

ಹಿಂದಿನ ದಿನ ಇನ್ನೊಂದು ವಿಷಯ ಓದಿದೆ. ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಹೋಗಲು ಒಂದು ಬಾಗಿಲಿದೆ, ಗಂಟೆಗೆ ಸುಮಾರು 60 ಗ್ರಾಮಿಗೆ ಅಲ್ಲಿ ನೂಕುನುಗ್ಗಲು ಶುರು. ಫ್ರಕ್ಟೋಸ್ ಅನ್ನುವ ಇನ್ನೊಂದು ಸಕ್ಕರೆಗೆ ಬೇರೆ ಬಾಗಿಲು. ಎರಡನ್ನೂ ಬೆರೆಸಿ ತೆಗೆದುಕೊಂಡರೆ 90 ಗ್ರಾಂವರೆಗೂ ಹೋಗಬಹುದು. ಆಹಾ, 60 ಯಾಕೆ, 90ಕ್ಕೇ ಹೋಗೋಣ ಅಂದುಕೊಂಡೆ. ಅದಕ್ಕೆ ವಾರಗಟ್ಟಲೆ ಹೊಟ್ಟೆಯನ್ನು ಪಳಗಿಸಬೇಕು ಅನ್ನುವ ಮಾತು ಅದರ ಮುಂದಿನ ಸಾಲಿನಲ್ಲೇ ಇತ್ತು. ಓದಿದೆ ಕೂಡ. ನನಗಲ್ಲ ಅಂದುಕೊಂಡೆ.

ಇದರ ಜೊತೆಗೆ ಕಾರ್ಬ್ ಲೋಡಿಂಗ್ ಬೇರೆ, ಅಂದರೆ ಹೊರಡುವ ಮೊದಲೇ ಗ್ಲೈಕೋಜನ್ ದಾಸ್ತಾನು ತುಂಬಿಸಿಕೊಳ್ಳೋದು. ಎರಡು ದಿನ ಗಡದ್ದಾಗಿ ತಿಂದು ತೂಕ ನೋಡಿದರೆ 2 ಕಿಲೋ ಜಾಸ್ತಿ. "ಇದು ಕೊಬ್ಬಲ್ಲ ಕಣೇ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತೆ" ಅಂತ ವಿವರಿಸಿದೆ. ಹೋದ ವರ್ಷ ಏರಿದ ಆರು ಕಿಲೋ ಯಾವ ನೀರು ಅಂತ ಕೇಳಿದಳು. ನಾನು ಟೈರಿಗೆ ಗಾಳಿ ಹೊಡೆಯಲು ಹೊರಗೆ ಹೋದೆ.

ತಿನ್ನೋದು ಮರೆತುಹೋಗಬಾರದು ಅಂತ ಫೋನಿನಲ್ಲಿ ಅರ್ಧ ಗಂಟೆಗೊಂದು ಅಲಾರಂ ಇಟ್ಟೆ. ಅದಕ್ಕೆ ಹೆಸರು "ತಿನ್ನು ಮಾರಾಯ". ಫೋನನ್ನು ಕವರಿನಲ್ಲಿ ಸುತ್ತಿ ಬೆನ್ನಿನ ನಡುಜೇಬಿಗೆ ಹಾಕಿದೆ. ಬ್ರೆವೆ ಕಾರ್ಡು ಬಲಜೇಬಿಗೆ, ಬಾಳೆಹಣ್ಣುಗಳ ಜೊತೆ. ಅದನ್ನೂ ಕವರಿನಲ್ಲಿ ಸುತ್ತಬಹುದಿತ್ತು ಅಂತ ಆಮೇಲೆ ಅನ್ನಿಸಿತು.

ಬೆಳಿಗ್ಗೆ 6ಕ್ಕೆ ಹೊರಟೆವು. ಮೊದಲ ಗಂಟೆಯಲ್ಲೇ ಎರಡು ಜೆಲ್ ಮುಗಿಸಿದೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಪೊಟ್ಟಣ, ಹಲ್ಲಿನಲ್ಲಿ ಕಚ್ಚಿ ಹರಿಯಬೇಕು. ಅರ್ಧ ಬಾಯಿಗೆ, ಅರ್ಧ ಗ್ಲೌಸಿಗೆ. ಆ ಅಂಟಿನ ಕೈ ಬ್ರೇಕಿಗೆ ಹಿಡಿದುಕೊಂಡಿದ್ದು ಬಿಡಲೇ ಇಲ್ಲ. ಈ ಸೈಕಲ್ ಸವಾರಿಯ ಜಗತ್ತಿನಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅಂತ 1200 ಕಿಲೋಮೀಟರಿನ ದೊಡ್ಡ ಸವಾರಿಯೊಂದಿದೆ, 1891ರಲ್ಲಿ ಶುರುವಾಗಿದ್ದು. ಅದರ ಹೆಸರಿನಲ್ಲಿ 1910ರಲ್ಲಿ ಅಲ್ಲಿಯವರು ಚಕ್ರದ ಆಕಾರದ, ನಡುವೆ ಕ್ರೀಮ್ ತುಂಬಿದ ಸಿಹಿ ತಿಂಡಿಯನ್ನೇ ಮಾಡಿದರು. ಅವರಿಗೆ ಅದು, ನಮ್ಮ ಕಾಲಕ್ಕೆ ಈ ಗೋಂದು.

ಜೆಲ್ ತಿಂದ ಮೇಲೆ ನೀರು ಕುಡಿಯಬೇಕು. ನಾನು ಕುಡಿದಿದ್ದು ಪುಡಿ ಬೆರೆಸಿದ ನೀರು, ಅದೂ ಡಬಲ್ ಪುಡಿ. 50 ಕಿಲೋಮೀಟರ್ ದಾಟುವಷ್ಟರಲ್ಲಿ ಹೊಟ್ಟೆಯಲ್ಲಿ ಕಾಂಕ್ರೀಟ್ ಕಲಸುವ ಸದ್ದು. ಸರಿ, ಸ್ವಲ್ಪ ಹೊತ್ತು ಏನೂ ಬೇಡ ಅಂತ ಬಿಟ್ಟೆ. ಆ ಸ್ವಲ್ಪ ಹೊತ್ತು ಅನ್ನೋದು 90 ಕಿಲೋಮೀಟರ್ ನಡೆಯಿತು. ಅಲಾರಂ? ಗಾಳಿಯ ಸದ್ದಿನಲ್ಲಿ ಒಂದು ಸಲವೂ ಕೇಳಿಸಲಿಲ್ಲ.

ನಡುವೆ ಒಂದು ಕಂಟ್ರೋಲ್ ಪಾಯಿಂಟ್. ಕಾರ್ಡು ಕೊಡಿ ಅಂದರು. ಜೇಬಿಗೆ ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಕಾರ್ಡು ಮತ್ತು ಎರಡು ಬಾಳೆಹಣ್ಣು ಬೇರೆ ಮಾಡಲಾಗದಂತೆ ಒಂದಾಗಿದ್ದವು. ಆ ಹುಡುಗ ಸ್ವಲ್ಪವೂ ಮುಖ ಕೆಡಿಸಿಕೊಳ್ಳದೆ ಟಿಶ್ಯೂವಿನಲ್ಲಿ ಹಣ್ಣು ಕೆರೆದು, ಖಾಲಿ ಜಾಗ ಹುಡುಕಿ ಸೀಲು ಹಾಕಿಕೊಟ್ಟ. ಇಂಥವರಿಂದಲೇ ಬ್ರೆವೆಗಳು ನಡೆಯುತ್ತಿವೆ.

140ರ ಹತ್ತಿರ ಬಾಂಕ್ ಆಯಿತು, ಅಂದರೆ ಮೈಯ ಸಕ್ಕರೆ ದಾಸ್ತಾನು ಖಾಲಿ. ಕೇಳಿ ಗೊತ್ತಿತ್ತು, ಕಂಡಿರಲಿಲ್ಲ. ಕಾಲು ನೋಯಲ್ಲ, ಉಸಿರು ಕಟ್ಟಲ್ಲ, ಸುಮ್ನೆ ಕರೆಂಟ್ ಹೋದಂಗೆ. ಮೆದುಳಿಗೂ ಸಕ್ಕರೆಯೇ ಬೇಕಲ್ಲ, ಅದೂ ಮಂಕು. ಒಂದು ಸಣ್ಣ ಏರು ನೋಡಿ ಅಳು ಬಂತು. ರಸ್ತೆ ಬದಿ ಮೈಲಿಗಲ್ಲಿನ ಮೇಲೆ ವಿಪರೀತ ಸಿಟ್ಟು ಬಂತು. ಅದರ ಮೇಲೇ ಕೂತು ಮನಸ್ಸಿನಲ್ಲಿ ಒಂದು ಜಾಹೀರಾತು ಬರೆದೆ: "ಸೈಕಲ್ ಮಾರಾಟಕ್ಕಿದೆ, ಒಬ್ಬರೇ ಬಳಸಿದ್ದು, ಎಲ್ಲಿದೆಯೋ ಅಲ್ಲಿಂದಲೇ ಒಯ್ಯತಕ್ಕದ್ದು."

ಆಗ ಹಿಂದಿನಿಂದ ಹಿರಿಯರೊಬ್ಬರು ಬಂದು ನಿಂತರು. ಅರವತ್ತರ ಮೇಲಿದ್ದಾರು.

"ಸರ್, ತಪ್ಪು ತಿಳಿಬೇಡಿ. ಬೆಳಿಗ್ಗೆಯಿಂದ ನೋಡ್ತಿದೀನಿ, ನಿಮ್ಮ ಫೋನು ಅರ್ಧರ್ಧ ಗಂಟೆಗೆ ಹೊಡ್ಕೋತಾ ಇದೆ, ನೀವು ಎತ್ತೋದೇ ಇಲ್ಲ. ಮನೆಯವರ ಹತ್ರ ಏನಾದ್ರೂ ಜಗಳಾನಾ?"

ಅಲಾರಂ ತೋರಿಸಿದೆ. ಓದಿ ಅವರು ನಗಲಿಲ್ಲ. ಚೀಲದಿಂದ ಬೇಯಿಸಿದ ಆಲೂಗಡ್ಡೆ ತೆಗೆದು, ಉಪ್ಪು ಉದುರಿಸಿ ಕೈಗಿಟ್ಟರು. ಸಿಹಿ ನೆನೆದರೇ ವಾಕರಿಕೆ ಬರುತ್ತಿದ್ದ ನನಗೆ ಆ ತಣ್ಣನೆ ಆಲೂಗಡ್ಡೆಯ ರುಚಿ ಹೇಗಿತ್ತು ಅಂತ ಹೇಳೋಕೆ ಹೋದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ ಬೇಜಾರಾಗುತ್ತದೆ. ಎರಡು ತಿಂದೆ. ಇಪ್ಪತ್ತು ನಿಮಿಷದಲ್ಲಿ ಮೈಲಿಗಲ್ಲು ಮತ್ತೆ ಬರೀ ಕಲ್ಲಾಯಿತು.

13 ಗಂಟೆ 12 ನಿಮಿಷಕ್ಕೆ ಮುಗಿಸಿದೆ. ಚೀಲದಲ್ಲಿ ಇನ್ನೂ ಏಳು ಜೆಲ್ ಉಳಿದಿದ್ದವು.

ಮರುದಿನ ಆಫೀಸಿನಲ್ಲಿ ಮೀಟಿಂಗ್. ಬಾಸ್ ಗಂಭೀರವಾಗಿ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಹೇಳುತ್ತಿದ್ದರು. ಮೇಜಿನ ಮೇಲಿದ್ದ ನನ್ನ ಫೋನು ಇದ್ದಕ್ಕಿದ್ದಂತೆ ಕುಣಿಯಲು ಶುರುಮಾಡಿತು. ಪಕ್ಕದಲ್ಲಿದ್ದವರೆಲ್ಲ ಬಗ್ಗಿ ಪರದೆಯ ಮೇಲಿದ್ದದ್ದನ್ನು ಓದಿದರು. ಬಾಸ್ ಕೂಡ ಓದಿದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ನಿನ್ನೆಯಿಡೀ ಆ ಅಲಾರಮ್ಮಿನ ಮಾತು ಕೇಳದೆ ಪಟ್ಟ ಪಾಡು ನೆನಪಿತ್ತು. ಬ್ಯಾಗಿನಿಂದ ಒಂದು ಜೆಲ್ ತೆಗೆದು ಹಲ್ಲಿನಲ್ಲಿ ಹರಿದೆ.