ಒಂದು ನೂಲು ಆಚೀಚೆ

"ಎಲ್ಲ ಫ್ಯಾಕ್ಟರಿಯಲ್ಲೇ ಸೆಟ್ ಆಗಿ ಬಂದಿರುತ್ತೆ ಸಾರ್, ಪ್ಲಗ್ ಹಾಕಿ ಕೊಯ್ಯೋದಷ್ಟೆ."

ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದಿರುವ ಗರಗಸದ ಮೆಷಿನ್ನು, ಮಾರುವವರ ಬಾಯಲ್ಲಿ ಈ ಮಾತು ಅದೆಷ್ಟು ಸಲೀಸಾಗಿ ಬರುತ್ತದೆಂದರೆ, ಅವರು ಅದರಲ್ಲಿ ಒಂದು ಹಲಗೆಯನ್ನೂ ಕೊಯ್ದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ. ಫ್ಯಾಕ್ಟರಿಯಲ್ಲಿ ಸೆಟ್ ಆಗಿದ್ದು ನಿಜವೇ ಇರಬಹುದು. ಆಮೇಲೆ ಅದು ಹಡಗು ಹತ್ತಿ, ಗೋಡೌನಿನಲ್ಲಿ ತಲೆಕೆಳಗಾಗಿ ಕೂತು, ಟೆಂಪೋದಲ್ಲಿ ಬಡಾವಣೆಯ ಹಂಪುಗಳನ್ನೆಲ್ಲ ಹಾರಿಕೊಂಡು ಬಂದಿರುತ್ತದಲ್ಲ, ಅದರ ಮಾತೇನು?

ತಕರಾರು ಪ್ಲಗ್ಗಿನಿಂದಲೇ ಶುರು. 1800 ವ್ಯಾಟಿನ ಮೋಟಾರು 230 ವೋಲ್ಟಿನಲ್ಲಿ ಹೆಚ್ಚುಕಮ್ಮಿ 8 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. 30×40 ಸೈಟಿನ ಮನೆಯ ಕಾರ್ ಶೆಡ್ಡಿನಲ್ಲಿ ಎಲೆಕ್ಟ್ರಿಷಿಯನ್ ದಯಪಾಲಿಸಿರುವುದು ಒಂದೇ ಒಂದು 6 ಆಂಪಿಯರ್ ಸಾಕೆಟ್. ಅದಕ್ಕೊಂದು ಕನ್ವರ್ಟರ್ ಸಿಕ್ಕಿಸಿ, ದಾರದಂಥ ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದರೆ ವೈರು ಬೆಚ್ಚಗಾಗುತ್ತದೆ, ಮೋಟಾರು ಮುಲುಗುತ್ತದೆ, ಬ್ಲೇಡು ಮರದ ನಡುವೆ ಉಸಿರು ಬಿಡುತ್ತದೆ. ಬೇಕಾದದ್ದು 16 ಆಂಪಿಯರ್ ಸಾಕೆಟ್, 2.5 ಚದರ ಎಂ.ಎಂ. ತಾಮ್ರದ ವೈರು, ಶುರುವಿನ ಆ ಎಳೆತವನ್ನು ತಡೆದುಕೊಳ್ಳುವ ಸಿ-ಕರ್ವ್ ಎಂಸಿಬಿ. ಬೇಗ ಬೀಳುವ ಬಿ-ಕರ್ವ್ ಇದ್ದು, ಮೆಷಿನ್ನಿಗೆ ಸಾಫ್ಟ್ ಸ್ಟಾರ್ಟ್ (ಮೋಟಾರನ್ನು ಮೆಲ್ಲಗೆ ಶುರುಮಾಡುವ ವ್ಯವಸ್ಥೆ) ಇಲ್ಲದಿದ್ದರೆ ಸ್ವಿಚ್ ಒತ್ತಿದಾಗಲೆಲ್ಲ ಟ್ರಿಪ್ಪಾಗುವ ಸಂಭವ ಜಾಸ್ತಿ. ಇಷ್ಟೆಲ್ಲ ಮುಗಿದ ಮೇಲೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಬೇಕು. ಮುಂದಿನದು ಕರೆಂಟಿಲ್ಲದ ಕೆಲಸ.

ಪ್ಲೈವುಡ್ ಅಂಗಡಿಯವರೇ ಅಳತೆ ಕೊಟ್ಟರೆ ಕೊಯ್ದು ಕೊಡುವಾಗ ಮನೆಯಲ್ಲಿ ಈ ರಗಳೆ ಯಾಕೆ ಎಂದು ಕೇಳುವವರಿದ್ದಾರೆ. ಅದಕ್ಕೆ ಒಳ್ಳೆಯ ಉತ್ತರವೇ ಇದೆ, ಬರೋಣ. ಮೊದಲು ಬ್ಲೇಡು.

ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರಿನಲ್ಲಿ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಮೈಟರ್ ಗೇಜ್ (ಹಲಗೆಯನ್ನು ಅಡ್ಡಕ್ಕೆ ಕೊಯ್ಯುವಾಗ ಒತ್ತಿ ಹಿಡಿದು ತಳ್ಳುವ ಸಾಧನ) ಜಾರುವ, ಮೇಜಿನ ಮೇಲಿನ ಸ್ಲಾಟಿನಿಂದ ಅದಕ್ಕೆ ಎಷ್ಟು ದೂರ ಎಂದು ನೋಡಿ. ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ನೋಡಿ. ಬೇರೆ ಹಲ್ಲು ಹಿಡಿದರೆ ಅಳೆಯುವುದು ಬ್ಲೇಡಿನ ಸೊಟ್ಟವನ್ನೇ ಹೊರತು ಮೆಷಿನ್ನಿನದನ್ನಲ್ಲ. ಡಯಲ್ ಗೇಜ್ ಇಲ್ಲವೆಂದು ಕೊರಗಬೇಕಿಲ್ಲ. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ಟಿಗೆ ಇಟ್ಟುಕೊಂಡಿರುವ, ಸಂದು ಅಳೆಯುವ ತೆಳು ಎಸಳುಗಳ ಫೀಲರ್ ಗೇಜ್ ಸಾಕು. ಮೈಟರ್ ಗೇಜಿಗೆ ಬಿಗಿದ ಒಂದು ಪಟ್ಟಿಯನ್ನು ಮುಂದಿರುವ ಹಲ್ಲಿಗೆ ತಾಗಿಸಿ, ಹಲ್ಲನ್ನೂ ಗೇಜನ್ನೂ ಹಿಂದಕ್ಕೆ ತಂದಾಗ ಎರಡರ ನಡುವೆ 0.10 ಎಂ.ಎಂ. ಎಸಳು ತೂರಿದರೆ ಮೇಜಿನಡಿಯ ಬೋಲ್ಟುಗಳನ್ನು ಸಡಿಲಿಸಿ, ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸರಿಮಾಡಬೇಕು. ಬಿಗಿ ಮಾಡುವಾಗ ಮತ್ತೆ ಜರುಗಿಯೇ ಜರುಗುತ್ತದೆ. ಮೂಲೆಗೆ ಮೂಲೆ ಎದುರು ಬರುವಂತೆ ಸ್ವಲ್ಪಸ್ವಲ್ಪವೇ ಬಿಗಿದು ಮತ್ತೊಮ್ಮೆ ಅಳೆಯುವುದು.

ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿಯಾದ ಫೆನ್ಸನ್ನೂ ಅದೇ ಸ್ಲಾಟಿಗೆ ಸಮಾನಾಂತರ ಮಾಡಬೇಕು. ಹಿಂಬದಿ 0.1 ಎಂ.ಎಂ. ಆಚೆ ಸರಿದಿದ್ದರೆ ಸರಿದಿರಲಿ; ಬ್ಲೇಡಿನ ಕಡೆಗೆ ಮಾತ್ರ ಕೂದಲಷ್ಟೂ ವಾಲಬಾರದು. ವಾಲಿದರೆ ಹಲಗೆ ನಡುವೆ ಸಿಕ್ಕಿ, ಅಂಚು ಕಪ್ಪಾಗಿ, ಕೊನೆಗೊಂದು ದಿನ ತಳ್ಳುತ್ತಿರುವವರ ಹೊಟ್ಟೆಗೇ ವಾಪಸ್ ಬರುತ್ತದೆ. ನಿಮಿಷಕ್ಕೆ 4500 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ.

ಇನ್ನು ಫೆನ್ಸಿನ ಅಳತೆಪಟ್ಟಿ. ಅದಿರುವುದು ಎಂ.ಎಂ.ನಲ್ಲಿ, ಆಚಾರಿ ಚೀಟಿಯಲ್ಲಿ ಬರೆದಿರುವುದು ಎರಡಡಿ ಮೂರಿಂಚು ಎರಡು ನೂಲು. ಇಂಚಿಗೆ ಎಂಟು ನೂಲು, ನೂಲಿಗೆ 3.175 ಎಂ.ಎಂ., ಒಟ್ಟು 692.15. ಮೆಟ್ರಿಕ್ ಅಳತೆಗೆ ಈ ದೇಶ ಕಾಯಿದೆ ತಂದದ್ದು 1956ರಲ್ಲಿ, ಕರ್ನಾಟಕ ಒಂದಾದ ವರ್ಷವೇ. ನಾಡು ಒಂದಾಯಿತು, ಅಳತೆ ಆಗಲಿಲ್ಲ. ತೇಗವನ್ನೂ ಹೊನ್ನೆಯನ್ನೂ ಘನ ಅಡಿಯಲ್ಲಿ ಕೊಳ್ಳುತ್ತೇವೆ. ಪ್ಲೈವುಡ್ಡಿನ ಉದ್ದಗಲ ಎಂಟು-ನಾಲ್ಕಡಿ, ದಪ್ಪ ಮಾತ್ರ 18 ಎಂ.ಎಂ. ಆ 18 ಕೂಡ ಕ್ಯಾಲಿಪರಿನಲ್ಲಿ ಹಿಡಿದರೆ 17.2 ಬರಬಹುದು, ಜಗಳಕ್ಕೆ ಹೋಗುವಂತಿಲ್ಲ. ಐಎಸ್‌ಐ ಮಾನದಂಡವೇ ಶೇ. 5ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ಗಾಡಿ, ಅಂದರೆ ಮರದಲ್ಲಿ ಕಾಲುವೆ, ಹೊಡೆದು ಅದರಲ್ಲಿ ಹಲಗೆ ಕೂರಿಸುವವನು ಮುದ್ರೆ ನಂಬಿದರೆ ಕಪಾಟು ಗಡಗಡ ಎನ್ನುತ್ತದೆ. ಡ್ರಾಯರು ಜಾರಲು ಪಕ್ಕಕ್ಕೆ ಹಾಕುವ ಚಾನೆಲ್ಲನ್ನು 18 ಇಂಚಿನದು ಕೇಳಿ ತಂದರೆ ಅದು 450 ಎಂ.ಎಂ., ಅಂದರೆ ಎರಡು ನೂಲಿಗಿಂತ ಜಾಸ್ತಿ ಗಿಡ್ಡ. ಅದೇ ಚಾನೆಲ್ಲಿಗೆ ಎರಡೂ ಪಕ್ಕ ಬಿಡಬೇಕಾದ ಜಾಗ ಮಾತ್ರ ತಲಾ ಅರ್ಧ ಇಂಚು. ಬಾಗಿಲಿನ ಹಿಂಜಿಗೆ ಕೊರೆಯುವ ಗುಳಿ 35 ಎಂ.ಎಂ. ಡ್ರಾಯರು ಸಿಕ್ಕಿಕೊಂಡಾಗ ಬೈಗುಳ ತಿನ್ನುವುದು ಮೆಷಿನ್ನು.

ಇದರ ಮೇಲೆ ಬ್ಲೇಡು ತಿನ್ನುವ ಪಾಲು ಬೇರೆ. ಸಾಧಾರಣ ಬ್ಲೇಡು ಪ್ರತಿ ಕೊಯ್ತಕ್ಕೂ ಹತ್ತಿರಹತ್ತಿರ ಒಂದು ನೂಲು ಹೊಟ್ಟು ಮಾಡುತ್ತದೆ. "ನಾಲ್ಕಡಿ ಶೀಟನ್ನ ಒಂದೊಂದಡಿ ನಾಲ್ಕು ಮಾಡ್ಕೊಡಿ" ಎನ್ನುವವರು ಮೂರು ಕೊಯ್ತಕ್ಕೆ ಹೋಗುವ 9 ಎಂ.ಎಂ. ಯಾರಪ್ಪನ ಮನೆಯಿಂದ ತರಬೇಕೆಂದು ಹೇಳುವುದಿಲ್ಲ. 1220ರಲ್ಲಿ ಅದನ್ನು ಕಳೆದು ನಾಲ್ಕರಿಂದ ಭಾಗಿಸಿದರೆ 302.75, ಒಂದಡಿಯೆಂದರೆ 304.8. ಬ್ಲೇಡು ಬದಲಿಸಿದರೆ ಆ ತಿನ್ನುವ ಅಗಲವೂ ಬದಲಾಗಿ ಪಟ್ಟಿಯ ಸೊನ್ನೆ ತಪ್ಪುತ್ತದೆ. ಪಟ್ಟಿಯನ್ನು ಅಂದಾಜಿಗೆ ಬಳಸಿ, ಫೆನ್ಸಿನ ಕಡೆ ವಾಲಿರುವ ಹಲ್ಲಿನಿಂದ ಸ್ಟೀಲ್ ಸ್ಕೇಲಿನಲ್ಲಿ ಅಳೆದು, ಚೂರು ಹಲಗೆಯೊಂದನ್ನು ಕೊಯ್ದು ನೋಡುವುದೇ ಸರಿ. ಇಡೀ ಕೆಲಸಕ್ಕೆ ಒಂದೇ ಟೇಪು. ಎರಡು ಟೇಪುಗಳ ಕೊಕ್ಕೆ ಒಂದೇ ಮಾತು ಹೇಳಿದ್ದನ್ನು ಕಂಡವರು ಕಮ್ಮಿ.

ಬ್ಲೇಡು ನೇರ ನಿಂತಿದೆಯೇ ಎಂಬುದಕ್ಕೆ ಮೂಲೆಮಟ್ಟವನ್ನೂ ಪೂರ್ತಿ ನಂಬಬೇಕಿಲ್ಲ. ಒಂದು ತುಂಡು ಕೊಯ್ದು, ಒಂದು ಭಾಗವನ್ನು ಮಗುಚಿ ಕೊಯ್ದ ಅಂಚುಗಳನ್ನು ಕೂಡಿಸಿದರೆ ತಪ್ಪು ಎರಡರಷ್ಟಾಗಿ ಬೆಳಕಿನಲ್ಲಿ ಕಾಣುತ್ತದೆ.

ಹೊಟ್ಟೆ ಉರಿಯುವುದು ಇಲ್ಲಿ: ರೀಲ್ಸಿನಲ್ಲಿ ಮರಗೆಲಸ ತೋರಿಸುವ ಮಹನೀಯರಲ್ಲಿ ಎಷ್ಟೋ ಜನರ ಮೆಷಿನ್ನಿನಲ್ಲಿ ರೈವಿಂಗ್ ನೈಫ್ ಇರುವುದೇ ಇಲ್ಲ. ಕ್ಯಾಮೆರಾಗೆ ಅಡ್ಡವಂತೆ. ಕೊಯ್ದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ತಡೆಯುವುದು ಆ ಒಂದು ತಗಡೇ. ಬ್ಲೇಡಿನ ತಗಡಿಗಿಂತ ದಪ್ಪ, ಕೊಯ್ತದ ಅಗಲಕ್ಕಿಂತ ತೆಳು, ಹಲ್ಲಿನಿಂದ 3ರಿಂದ 8 ಎಂ.ಎಂ. ಹಿಂದೆ. ಬ್ಲೇಡು 1.8, ಕೊಯ್ತ 2.6 ಆದರೆ ನೈಫ್ 2.2 ಚೆನ್ನ. ಆಫರಿನಲ್ಲಿ ಸಿಕ್ಕಿತೆಂದು 2.2 ಕೊಯ್ತದ ತೆಳು ಬ್ಲೇಡು ಹಾಕಿದರೆ ಹಲಗೆ ಅರ್ಧದಲ್ಲೇ ನೈಫಿಗೆ ಬಂದು ನಿಲ್ಲುತ್ತದೆ. ಜನ ಆಗ ಕಿತ್ತೆಸೆಯುವುದು ಬ್ಲೇಡನ್ನಲ್ಲ, ನೈಫನ್ನು.

ಮನೆಯಲ್ಲಿ ಇದೆಲ್ಲ ಯಾಕೆ ಎಂದರೆ, ಹಳೇ ತೊಟ್ಟಿಮನೆ ಕೆಡವಿದಾಗ ಬರುವ ಹೊನ್ನೆಯ ಚೌಕಟ್ಟನ್ನು ಯಾವ ಪ್ಲೈವುಡ್ ಅಂಗಡಿಯವರೂ ಮುಟ್ಟುವುದಿಲ್ಲ, ಅದು ಒಂದು. ಮುಟ್ಟದಿರುವುದೂ ನ್ಯಾಯವೇ ಅನ್ನಿ: ಒಳಗೆ ಮುರಿದ ಮೊಳೆ ಇದ್ದರೆ ಕಾರ್ಬೈಡ್ ಹಲ್ಲು ಚಿಮ್ಮಿ ಹೋಗುತ್ತದೆ. ಅಂಥ ಮರವನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಲವಾದ ಅಯಸ್ಕಾಂತವನ್ನು ನಾಲ್ಕೂ ಮೈಗೆ ಆಡಿಸಿ, ಉದ್ದಕ್ಕೆ ಸೀಳುವುದಾದರೆ 24 ಹಲ್ಲಿನ ಹಳೆಯ ಬ್ಲೇಡು ಹಾಕಿಕೊಳ್ಳಬೇಕು. ಸನ್‌ಮೈಕ ಅಂಟಿಸಿದ ಹಲಗೆಗೆಂದು ತಂದ 80 ಹಲ್ಲಿನದು ಪೆಟ್ಟಿಗೆಯಲ್ಲೇ ಇರಲಿ.